ಸಿಸಿಐ ಸ್ಮಾಲ್ ರೈಫಲ್ ಪ್ರೈಮರ್ 400, 450, 41, ಬಿಆರ್-4: ಯಾವುದು ಯಾವ ಕೋವಿಗೆ, ತೋಟೆ ಕೈಕೊಟ್ಟರೆ ತಪ್ಪು ಎಲ್ಲಿ

ಟ್ರಿಗರ್ ಒತ್ತಿದರೂ ಈಡು ಹಾರದಿದ್ದರೆ ಮೊದಲು ಬೈಸಿಕೊಳ್ಳುವುದು ಪ್ರೈಮರ್, ಅಂದರೆ ತೋಟೆಯ ತಳದಲ್ಲಿ ಕೂತು ಮದ್ದಿಗೆ ಬೆಂಕಿ ಹಚ್ಚುವ ಪುಟ್ಟ ಬಟ್ಟಲು. ಪೆಟ್ಟಿಗೆಯೇ ಕೆಟ್ಟದ್ದು, ಲಾಟೇ (ಒಟ್ಟಿಗೆ ತಯಾರಾದ ಕಂತು) ಸರಿಯಿಲ್ಲ ಎಂದು ತೀರ್ಮಾನಿಸಿ ಮುಂದಿನ ಸಲ ಬೇರೆ ಕಂಪನಿಯದ್ದು ತರುವವರೇ ಹೆಚ್ಚು. ಆದರೆ ಇವತ್ತಿನ ಕಾರ್ಖಾನೆ ಪ್ರೈಮರ್ ತಾನಾಗಿ ಸತ್ತಿರುವುದು ಬಹಳ ಅಪರೂಪ. ಕೇಸಿನ (ತೋಟೆಯ ಹಿತ್ತಾಳೆ ಕೋಶದ) ತಳದಲ್ಲಿ ಪ್ರೈಮರ್ ಕೂರುವ ಪಾಕೆಟ್, ಪ್ರೈಮರ್ ಕೂರಿಸಿದ ಆಳ, ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್, ಕೇಸಿನ ಭುಜದ (ಕಂಠದ ಕೆಳಗಿನ ಇಳಿಜಾರಿನ) ಅಳತೆ, ಇವಿಷ್ಟನ್ನು ನೋಡಿದ ಮೇಲೆ ಉಳಿದ ಅನುಮಾನವನ್ನು ಪ್ರೈಮರ್ ಮೇಲೆ ಹಾಕಬಹುದು. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಕೋವಿಗೆ ಆ ಪ್ರೈಮರ್ ಸರಿಯಾದ ಆಯ್ಕೆಯೇ? ಸಿಸಿಐ ಕಂಪನಿಯ ಸ್ಮಾಲ್ ರೈಫಲ್ ಸಾಲಿನಲ್ಲಿ ಈ ಪ್ರಶ್ನೆ ಮುಖ್ಯವಾಗುತ್ತದೆ, ಏಕೆಂದರೆ ಒಂದೇ ಅಳತೆಯ, ನೋಡಲು ಒಂದೇ ಥರದ ನಾಲ್ಕು ಪ್ರೈಮರ್‌ಗಳನ್ನು ಅವರು ಮಾರುತ್ತಾರೆ, ಮತ್ತು ನಾಲ್ಕರ ನಡತೆಯೂ ಬೇರೆ ಬೇರೆ.

ಇದು ಅಮೆರಿಕದಂಥ ಕಡೆ ಕಾನೂನುಬದ್ಧವಾಗಿ ತೋಟೆ ಮರುತುಂಬುವ ಕನ್ನಡಿಗರಿಗಾಗಿ ಬರೆದದ್ದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟೆಯ ಬಿಡಿಭಾಗಗಳು, ತೋಟೆ ತಯಾರಿಸುವ ಯಂತ್ರಗಳು ಕೂಡ ‘ಮದ್ದುಗುಂಡು’ ಎಂಬ ವ್ಯಾಖ್ಯೆಯೊಳಗೇ ಬರುತ್ತವೆ. ಪರವಾನಗಿ ಇಲ್ಲದೆ ತಯಾರಿಸುವುದು ಅಪರಾಧ. ಹಾಗಾಗಿ ಕೊಡಗಿನಲ್ಲೋ ಮಲೆನಾಡಿನಲ್ಲೋ ಕೋವಿ ಇಟ್ಟುಕೊಂಡವರಿಗೆ ಇಲ್ಲಿ ಉಪಯೋಗಕ್ಕೆ ಬರುವುದು ಕಾರ್ಖಾನೆಯ ತೋಟೆ ಹಾರದಿದ್ದಾಗ ಏನು ನೋಡಬೇಕು ಎನ್ನುವ ಭಾಗ ಮಾತ್ರ.

ಸಿಸಿಐ ಎಂದರೆ ಕ್ಯಾಸ್ಕೇಡ್ ಕಾರ್ಟ್ರಿಜ್ ಇಂಕ್. 1951ರಲ್ಲಿ ಐಡಹೊ ರಾಜ್ಯದ ಲೂಯಿಸ್ಟನ್‌ನಲ್ಲಿ ಡಿಕ್ ಸ್ಪಿಯರ್ ಮತ್ತು ಆರ್ವಿಡ್ ನೆಲ್ಸನ್ ಶುರುಮಾಡಿದ ಕಂಪನಿ. ಈಗ ಫೆಡರಲ್, ರೆಮಿಂಗ್ಟನ್ ತೋಟೆಗಳ ಜೊತೆ ಕೈನೆಟಿಕ್ ಗ್ರೂಪ್ ಅಡಿಯಲ್ಲಿದೆ. ಆ ಗುಂಪನ್ನು 2024ರಲ್ಲಿ ಚೆಕೊಸ್ಲೊವಾಕ್ ಗ್ರೂಪ್ ಕೊಂಡಿತು. ಅಂಗಡಿಯ ಕಪಾಟಿನಲ್ಲಿ ಎದುರಾಳಿಗಳ ಹಾಗೆ ಕಾಣುವ ಮೂರು ಹೆಸರುಗಳಿಗೂ ಯಜಮಾನ ಒಬ್ಬನೇ, ಕಾರ್ಖಾನೆಗಳು ಮಾತ್ರ ಬೇರೆ.

ನಾಲ್ಕು ಪೆಟ್ಟಿಗೆಗಳ ವ್ಯತ್ಯಾಸ

ಈ ನಾಲ್ಕೂ ಬಾಕ್ಸರ್ ಮಾದರಿಯ ಪ್ರೈಮರ್‌ಗಳು, ಅಂದರೆ ಒಂದು ಪುಟ್ಟ ಲೋಹದ ಬಟ್ಟಲು, ತಳದಲ್ಲಿ ಒತ್ತಿದ ಸಿಡಿಮಿಶ್ರಣ, ಅದರ ಮೇಲೆ ತೆಳು ಹಾಳೆ, ಬಾಯಲ್ಲಿ ಕಾಲುಗಳುಳ್ಳ ಆನ್ವಿಲ್. ಪಿನ್ ಬಟ್ಟಲಿನ ತಳಕ್ಕೆ ಹೊಡೆದಾಗ ಮಿಶ್ರಣ ಆನ್ವಿಲ್ ತುದಿಗೆ ಸಿಕ್ಕಿ ನಜ್ಜಾಗಿ ಸಿಡಿಯುತ್ತದೆ. ಬೆಂಕಿ ಕೇಸಿನ ತಳದ ತೂತಿನ (ಫ್ಲ್ಯಾಶ್ ಹೋಲ್) ಮೂಲಕ ಮದ್ದಿಗೆ ತಗಲುತ್ತದೆ. ಸ್ಮಾಲ್ ರೈಫಲ್‌ನ ವ್ಯಾಸ ಸುಮಾರು 0.175 ಇಂಚು, ಲಾರ್ಜ್ ರೈಫಲ್‌ನದ್ದು 0.210. ಪ್ರೈಮರ್ ವಿಷಯದಲ್ಲಿ ಮಾತೆಲ್ಲ ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಅಂದರೆ ಮಿಲಿಮೀಟರಿನ ನಲವತ್ತನೇ ಒಂದು ಭಾಗ.

400 ಸಾಧಾರಣ ಪ್ರೈಮರ್. ಬಟ್ಟಲಿನ ದಪ್ಪ ಸುಮಾರು 0.020 ಇಂಚು. .222 ರೆಮಿಂಗ್ಟನ್, ಹದವಾದ .223, .22 ಹಾರ್ನೆಟ್ ಇಂಥ ತೋಟೆಗಳಿಗೆ ಒಳ್ಳೆಯದು. ಕೈಯಿಂದ ಬೋಲ್ಟ್ ಎಳೆದು ತೋಟೆ ಹಾಕುವ ಬೋಲ್ಟ್ ಆಕ್ಷನ್ ಕೋವಿಯಲ್ಲಿ, ಮೇಲ್ಮಿತಿಗೆ ಹೋಗದ ಲೋಡಿಗೆ (ತುಂಬಿದ ಮದ್ದಿನ ಪ್ರಮಾಣಕ್ಕೆ) ಇದರ ಬಗ್ಗೆ ದೂರಲು ಏನೂ ಇಲ್ಲ. ಆದರೆ ಬಟ್ಟಲು ತೆಳು. 6.5 ಕ್ರೀಡ್‌ಮೂರ್‌ನಂಥ, ಗರಿಷ್ಠ ಒತ್ತಡ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇರುವ ತೋಟೆಗೆ ಸ್ಮಾಲ್ ಪಾಕೆಟ್ ಕೇಸ್ ತಂದು ಇದನ್ನೇ ಹಾಕಿ, ಪ್ರೈಮರ್ ತೂತು ಬಿತ್ತು ಎನ್ನುವುದು ನ್ಯಾಯವಲ್ಲ. .223ರ ಮೇಲ್ಮಿತಿ 55,000 ಪಿಎಸ್‌ಐ; ಆ ಏಳು ಸಾವಿರದ ಅಂತರ ಈ ಬಟ್ಟಲಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

450 ಮ್ಯಾಗ್ನಮ್. ಬಟ್ಟಲು 0.025, ಮಿಶ್ರಣವೂ ಹೆಚ್ಚು ಬಿಸಿ. ಹೆಸರು ನೋಡಿ ಇದು ದೊಡ್ಡ ತೋಟೆಗೆ ಮಾತ್ರ ಎಂದುಕೊಳ್ಳುವವರಿದ್ದಾರೆ. ನಾಲ್ಕರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ಇದನ್ನೇ ಇಟ್ಟುಕೊಳ್ಳಿ. .223ಗೂ ಆಗುತ್ತದೆ, ಸ್ಮಾಲ್ ಪಾಕೆಟ್ ಕ್ರೀಡ್‌ಮೂರ್‌ಗೂ ಆಗುತ್ತದೆ, ಬಾಲ್ ಪೌಡರನ್ನು (ಉರುಟು ಕಾಳಿನ ಮದ್ದನ್ನು) ಚಳಿಯಲ್ಲೂ ಹೊತ್ತಿಸುತ್ತದೆ. 400ರಿಂದ ಇದಕ್ಕೆ ಬದಲಾಯಿಸುವಾಗ ಮಾತ್ರ ಮದ್ದನ್ನು ಮೊದಲಿನಷ್ಟೇ ಇಡಬಾರದು. ನಿಮ್ಮ ಲೋಡನ್ನು ಶೇ. 5ರಿಂದ 10ರಷ್ಟು ಇಳಿಸಿ, ಪ್ರಕಟಿತ ದತ್ತಾಂಶದ ಮಿತಿಯೊಳಗೆ ಮತ್ತೆ ಮೇಲಕ್ಕೆ ಬನ್ನಿ.

41 ಸೈನ್ಯದ 5.56 ತೋಟೆಯ ನಿರ್ದಿಷ್ಟತೆಗೆ ಮಾಡಿದ್ದು. ಬಟ್ಟಲಿನ ದಪ್ಪ 450ರಷ್ಟೇ, ಮಿಶ್ರಣವೂ ಮ್ಯಾಗ್ನಮ್. ವ್ಯತ್ಯಾಸ ಇರುವುದು ಆನ್ವಿಲ್ ತುದಿಗೂ ಬಟ್ಟಲಿನ ತಳಕ್ಕೂ ನಡುವಿನ ಅಂತರದಲ್ಲಿ: ಇದರಲ್ಲಿ ಆ ಅಂತರ ಹೆಚ್ಚು, ಹಾಗಾಗಿ ಹೊತ್ತಿಸಲು ಪಿನ್ನಿನ ಪೆಟ್ಟು ಜೋರಾಗಿ ಬೇಕು. ತಾನೇ ತೋಟೆ ತುಂಬಿಕೊಳ್ಳುವ ಎಆರ್-15 ಕೋವಿಯ ಫೈರಿಂಗ್ ಪಿನ್ ಸ್ಪ್ರಿಂಗ್ ಇಲ್ಲದೆ ಸಡಿಲವಾಗಿ ಓಡಾಡುತ್ತದೆ. ಬೋಲ್ಟ್ ಮುಂದಕ್ಕೆ ಬಡಿದಾಗಲೆಲ್ಲ ಅದರ ತುದಿ ಪ್ರೈಮರನ್ನು ಮುಟ್ಟಿ ಚುಕ್ಕೆ ಗಾತ್ರದ ಗುರುತು ಬಿಡುತ್ತದೆ. ಆ ಚುಕ್ಕೆ ದೋಷವಲ್ಲ, ಹಾಗೆಯೇ ಇರಬೇಕು. ಆದರೆ ಅಷ್ಟಕ್ಕೇ ಹೊತ್ತಿಕೊಳ್ಳುವ ಪ್ರೈಮರ್ ಅಲ್ಲಿ ಬೇಡ. ಲಾರ್ಜ್ ರೈಫಲ್‌ನಲ್ಲಿ ಇದೇ ಕೆಲಸಕ್ಕೆ ಸಿಸಿಐ 34 ಇದೆ. ಎಂ1 ಗ್ಯಾರಂಡ್, ಎಂ14 ಮಾದರಿಯ ಕೋವಿಗಳಿಗೆ ಅದು.

41ರ ಇನ್ನೊಂದು ಮುಖವೂ ಗೊತ್ತಿರಬೇಕು. ಟ್ರಿಗರ್ ಹಗುರವಾಗಲಿ ಎಂದು ಎಆರ್‌ಗೆ ಮೆತ್ತನೆಯ ಹ್ಯಾಮರ್ ಸ್ಪ್ರಿಂಗ್ ಹಾಕಿಸಿ, ಆಮೇಲೆ 41 ಹಾರುತ್ತಿಲ್ಲ ಎಂದರೆ ತಪ್ಪು ಸ್ಪ್ರಿಂಗಿನದು. ಕಾರ್ಖಾನೆಯ ಸ್ಪ್ರಿಂಗ್ ವಾಪಸ್ ಹಾಕಿ ನೋಡಿ.

ಬಿಆರ್-4 ಬೆಂಚ್‌ರೆಸ್ಟ್ (ಕೋವಿಯನ್ನು ಮೇಜಿನ ಮೇಲೆ ಊರಿ ಹೊಡೆಯುವ) ಸ್ಪರ್ಧಿಗಳಿಗೆ. ಬಟ್ಟಲು 450ರಷ್ಟು ದಪ್ಪ, ಮಿಶ್ರಣ 400ರ ಹಾಗೆ ಸಾಧಾರಣ, ತಯಾರಿಕೆಯಲ್ಲಿ ನಿಗಾ ಹೆಚ್ಚು, ಬೆಲೆಯೂ ಹೆಚ್ಚು. 6 ಎಂಎಂ ಬಿಆರ್ ಅಥವಾ ಡ್ಯಾಷರ್ ತೋಟೆ ಹೊಡೆಯುವವರಿಗೆ ಹಣ ದಂಡವಲ್ಲ. ನೂರು ಗಜದಲ್ಲಿ ತಗಡಿನ ಗುರಿ ಹೊಡೆಯುವುದಾದರೆ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಐದೈದು ಗುಂಡು ಕ್ರೋನೋಗ್ರಾಫ್ (ವೇಗ ಅಳೆಯುವ ಯಂತ್ರ) ಮೇಲೆ ಹಾರಿಸಿ ‘ಬಿಆರ್-4ರಲ್ಲಿ ವೇಗದ ಏರಿಳಿತ ಅರ್ಧ’ ಎಂದು ಹೇಳುವುದೂ ಅರ್ಥವಿಲ್ಲದ್ದು; ಅಷ್ಟು ಸಣ್ಣ ಮಾದರಿಯಲ್ಲಿ ಒಂದೇ ಪೆಟ್ಟಿಗೆಯ ಎರಡು ಗುಂಪುಗಳೂ ಅಷ್ಟೇ ಬೇರೆಯಾಗಿ ಕಾಣಬಹುದು.

ಹಾರದ ತೋಟೆ

ಮೊದಲ ಕೆಲಸ ಏನೂ ಮಾಡದಿರುವುದು. ನಳಿಗೆ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡು ಕಾಯಿರಿ. ಕೆಲವು ರೇಂಜ್‌ಗಳ ನಿಯಮ ಒಂದು ನಿಮಿಷ. ತಡವಾಗಿ ಹೊತ್ತುವ ತೋಟೆ ಬೋಲ್ಟ್ ತೆರೆದ ಮೇಲೆ ಹೊತ್ತಿದರೆ ಹಿತ್ತಾಳೆಯ ಚೂರು ಮುಖಕ್ಕೆ ಬರುತ್ತದೆ. ‘ಪಟ್’ ಎಂದು ಬಡಕಲು ಸದ್ದು ಬಂದಿದ್ದರೆ ಅದು ಬೇರೆಯೇ ಸಂಗತಿ: ಮದ್ದು ಇಲ್ಲದೆಯೂ ಪ್ರೈಮರ್ ಒಂದೇ ಗುಂಡನ್ನು ನಳಿಗೆಯೊಳಕ್ಕೆ ನೂಕಬಲ್ಲದು. ಬೋಲ್ಟ್ ತೆಗೆದು, ನಳಿಗೆಯಲ್ಲಿ ರಾಡ್ ಪೂರ್ತಿ ಹಾಯುತ್ತದೆಯೇ ಎಂದು ನೋಡದೆ ಮುಂದಿನ ತೋಟೆ ಹಾಕಲೇಬಾರದು.

ತೋಟೆ ಹೊರತೆಗೆದ ಮೇಲೆ ಪ್ರೈಮರಿನ ಕುಳಿಯನ್ನು ನೋಡಿ. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಹಾರಿದ ತೋಟೆಯ ಕುಳಿಯ ಜೊತೆ ಹಾರದ ತೋಟೆಯ ಕುಳಿಯನ್ನು ಹೋಲಿಸಿ ಆಳ ಕಡಿಮೆ, ಜಾಸ್ತಿ ಎನ್ನುತ್ತಾರೆ. ಹಾರಿದ ಪ್ರೈಮರಿನ ಬಟ್ಟಲನ್ನು ಒಳಗಿನ ಒತ್ತಡ ಬೋಲ್ಟಿನ ಮುಖಕ್ಕೆ ಒತ್ತಿ ಆಕಾರವನ್ನೇ ಬದಲಿಸಿರುತ್ತದೆ, ಆ ಹೋಲಿಕೆ ನಿಲ್ಲುವುದಿಲ್ಲ. ಅದರ ಬದಲು ಮದ್ದೂ ಗುಂಡೂ ಇಲ್ಲದ, ಪ್ರೈಮರ್ ಮಾತ್ರ ಕೂರಿಸಿದ ಹತ್ತು ಕೇಸ್‌ಗಳನ್ನು ರೇಂಜ್‌ನಲ್ಲಿ, ಕಣ್ಣು ಕಿವಿಗೆ ರಕ್ಷಣೆ ಹಾಕಿಕೊಂಡು, ಅದೇ ಕೋವಿಯಲ್ಲಿ ಹೊಡೆಯಿರಿ. ಹತ್ತೂ ಸಿಡಿದರೆ ಪಿನ್ನಿನ ಶಕ್ತಿಯ ಮೇಲೆ ಅನುಮಾನ ಬಹುತೇಕ ಹೋಯಿತು. ಹೊರಬಂದ ಕೇಸ್‌ಗಳಲ್ಲಿ ಪ್ರೈಮರ್ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಒತ್ತಡ ಇಲ್ಲದ್ದರಿಂದ ಕೇಸ್ ಹಿಂದಕ್ಕೆ ಬಂದು ಅದನ್ನು ಮತ್ತೆ ಕೂರಿಸುವುದಿಲ್ಲ, ಹಾಗಾಗಿ ಅದನ್ನು ನೋಡಿ ಗಾಬರಿ ಬೇಡ. ಆ ಕೇಸ್‌ಗಳ ಭುಜ ಹಿಂದಕ್ಕೆ ಸರಿದಿರಬಹುದು, ತಿರುಗಿ ತುಂಬುವ ಮುಂಚೆ ಅಳೆಯಿರಿ.

ಪಿನ್ನಿನ ಎರಡನೆಯ ಹೊಡೆತಕ್ಕೆ ಹಾರಿದ ತೋಟೆ ಬಹಳಷ್ಟು ಹೇಳುತ್ತದೆ. ಮೊದಲ ಪೆಟ್ಟಿನ ಶಕ್ತಿ ಪ್ರೈಮರನ್ನು ಒಳಕ್ಕೆ ನೂಕುವುದರಲ್ಲೇ ಖರ್ಚಾಯಿತು, ಎರಡನೆಯದು ಹೊತ್ತಿಸಿತು ಎಂದು ಅದರ ಅರ್ಥ, ಹೆಚ್ಚಿನ ಸಲ. ಅಂದರೆ ಪ್ರೈಮರ್ ಎತ್ತರದಲ್ಲಿ ನಿಂತಿತ್ತು. ಇದೇ ಲಾಟಿನಲ್ಲಿ ತುಂಬಿ ಇನ್ನೂ ಹಾರಿಸದ ತೋಟೆಗಳನ್ನು ಅಳೆದು ನೋಡಿದರೆ ಖಾತ್ರಿಯಾಗುತ್ತದೆ. ಕ್ಯಾಲಿಪರ್‌ನ ಆಳ ಅಳೆಯುವ ಕಡ್ಡಿಯಿಂದ ಅಳೆಯಬಹುದು; ಪ್ರೈಮರ್ ಕೇಸಿನ ತಳಕ್ಕಿಂತ 0.003ರಿಂದ 0.005 ಇಂಚು ಒಳಗಿರಬೇಕು. ಉಪಕರಣ ಇಲ್ಲದಿದ್ದರೆ ತೋಟೆಯನ್ನು ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಅಲುಗಾಡಿದರೆ ಪ್ರೈಮರ್ ಹೊರಗಿದೆ. ಎಆರ್‌ನಲ್ಲಿ ಎತ್ತರದ ಪ್ರೈಮರ್ ಬರಿಯ ಹಾರದ ತೋಟೆಯ ವಿಷಯವಲ್ಲ, ಬೋಲ್ಟ್ ಮುಚ್ಚುವಾಗಲೇ ಹಾರುವ ಅಪಾಯದ ವಿಷಯ. ಅಂಥ ತೋಟೆಯನ್ನು ಆ ಕೋವಿಗೆ ಹಾಕಬೇಡಿ. ತುಂಬಿದ ತೋಟೆಯ ಪ್ರೈಮರನ್ನು ಇನ್ನಷ್ಟು ಒತ್ತಿ ಕೂರಿಸಲು ಹೋಗುವುದೂ ಬೇಡ. ಗುಂಡು ಕಿತ್ತು, ಮದ್ದು ಸುರಿದು ಮೊದಲಿನಿಂದ ಮಾಡಿ.

ಪ್ರೈಮರ್ ಎತ್ತರಕ್ಕೆ ನಿಲ್ಲಲು ಕಾರಣಗಳು ಪಾಕೆಟ್‌ನಲ್ಲಿರುತ್ತವೆ. ಸ್ಮಾಲ್ ರೈಫಲ್ ಪಾಕೆಟ್‌ನ ಆಳ ಸುಮಾರು 0.117ರಿಂದ 0.123 ಇಂಚು ಇರಬೇಕು. ತಳದಲ್ಲಿ ಮಸಿ ಗಟ್ಟಿಯಾಗಿ ಕೂತಿದ್ದರೆ, ಅಥವಾ ಮೂಲೆ ದುಂಡಗಿದ್ದರೆ, ಆನ್ವಿಲ್ ಕಾಲು ಪೂರ್ತಿ ಕೂರುವುದಿಲ್ಲ. ಕಾರ್ಬೈಡ್ ಪಾಕೆಟ್ ಯೂನಿಫಾರ್ಮರ್ (ಪಾಕೆಟ್ ತಳ ಕೆತ್ತಿ ಸಮ ಮಾಡುವ ಉಪಕರಣ) ಒಂದು ಸಲ ತಿರುಗಿಸಿದರೆ ಎರಡೂ ಹೋಗುತ್ತವೆ. ಮೂಲೆ ಸರಿಮಾಡುವುದು ಪ್ರತಿ ಕೇಸ್‌ಗೆ ಜೀವನದಲ್ಲಿ ಒಮ್ಮೆ ಸಾಕು, ಮಸಿ ಮಾತ್ರ ಮತ್ತೆ ಕೂರುತ್ತದೆ. ಸೈನ್ಯದ ಲೇಕ್ ಸಿಟಿ ಕಾರ್ಖಾನೆಯ 5.56 ಕೇಸ್‌ಗಳಲ್ಲಿ ಪ್ರೈಮರ್ ಅಲುಗಾಡದಿರಲೆಂದು ಪಾಕೆಟ್ ಬಾಯಿಯನ್ನು ಸುತ್ತ ಹೊಡೆದು ಬಿಗಿಮಾಡಿರುತ್ತಾರೆ. ಆ ಕ್ರಿಂಪ್ ತೆಗೆಯದೆ ಹೊಸ ಪ್ರೈಮರ್ ಒತ್ತಿದರೆ ಬಟ್ಟಲಿನ ಅಂಚು ಕೆತ್ತಿಹೋಗುತ್ತದೆ, ಓರೆಯಾಗಿ ಕೂರುತ್ತದೆ, ಕೆಲವೊಮ್ಮೆ ಚಪ್ಪಟೆಯಾಗಿ ನಿಲ್ಲುತ್ತದೆ. ಸ್ವೇಜರ್‌ನಿಂದ ಒತ್ತಿ ಸರಿಮಾಡುವುದು ರೀಮರ್‌ನಿಂದ ಕೆತ್ತುವುದಕ್ಕಿಂತ ವಾಸಿ, ಲೋಹ ಉಳಿಯುತ್ತದೆ. ರೀಮರ್ ಹಿಡಿದವರು ಬೇಸರ ಬಂದು ಒಂದು ಸುತ್ತು ಜಾಸ್ತಿ ತಿರುಗಿಸಿದರೆ ಪಾಕೆಟ್ ಸಡಿಲ, ಕೇಸ್ ಕಸದ ಬುಟ್ಟಿಗೆ.

ಕೂರಿಸುವಾಗಿನ ಕೈ ಅನುಭವಕ್ಕೆ ಬದಲಿ ಇಲ್ಲ. ಒಳ್ಳೆಯ ಹ್ಯಾಂಡ್ ಪ್ರೈಮರ್‌ನಲ್ಲಿ (ಕೈಯಲ್ಲಿ ಹಿಡಿದು ಪ್ರೈಮರ್ ಕೂರಿಸುವ ಉಪಕರಣದಲ್ಲಿ) ಮೂರು ಹಂತ ಬೆರಳಿಗೆ ಗೊತ್ತಾಗುತ್ತದೆ: ಬಟ್ಟಲು ಪಾಕೆಟ್‌ಗೆ ಬಿಗಿಯಾಗಿ ಇಳಿಯುವುದು, ಕಾಲುಗಳು ತಳ ಮುಟ್ಟುವುದು, ಅದಾದ ಮೇಲೆ ಇನ್ನೊಂದು ಚೂರು ಒತ್ತಿದಾಗ ಆನ್ವಿಲ್ ಮಿಶ್ರಣಕ್ಕೆ ತಾಗುವುದು. ಆ ಕಡೆಯ ಒತ್ತು 0.002ರಿಂದ 0.004 ಇಂಚು. ಅದಿಲ್ಲದೆ ಹೋದರೆ ಪ್ರೈಮರ್ ಪಿನ್ನಿನ ಹೊಡೆತಕ್ಕೆ ಸರಿಯಾಗಿ ಉತ್ತರ ಕೊಡುವುದಿಲ್ಲ. ಅತಿಯಾದರೆ ಮಿಶ್ರಣದ ಬಿಲ್ಲೆ ಬಿರುಕು ಬಿಡುತ್ತದೆ. ಪ್ರೋಗ್ರೆಸ್ಸಿವ್ ಪ್ರೆಸ್‌ನಲ್ಲಿ ಒಂದೇ ಎಳೆತಕ್ಕೆ ನಾಲ್ಕು ಕೆಲಸ ಆಗುವುದರಿಂದ ಈ ಮೂರೂ ಗೊತ್ತಾಗುವುದಿಲ್ಲ, ಎತ್ತರದ ಪ್ರೈಮರ್‌ಗಳು ಹುಟ್ಟುವುದು ಹೆಚ್ಚಾಗಿ ಅಲ್ಲೇ. ಸಿಸಿಐ ಬಟ್ಟಲು ಗಟ್ಟಿ, ಕೂರಿಸಲು ಫೆಡರಲ್ ಕಂಪನಿಯ 205 ಪ್ರೈಮರಿಗಿಂತ ಕೈಬಲ ಜಾಸ್ತಿ ಬೇಕು. ಫೆಡರಲ್‌ಗೆ ಹೊಂದಿಸಿಟ್ಟ ಕೈ ಸಿಸಿಐಗೆ ಬಂದಾಗ ಅರ್ಧದಲ್ಲೇ ನಿಲ್ಲುತ್ತದೆ. ಓರೆಯಾಗಿ ಸಿಕ್ಕಿಕೊಂಡ ಪ್ರೈಮರನ್ನು ಎಂದೂ ಜೋರು ಮಾಡಿ ಒತ್ತಬೇಡಿ. ಕನ್ನಡಕ ಹಾಕಿಕೊಂಡು, ಡೀಕ್ಯಾಪಿಂಗ್ (ಪ್ರೈಮರ್ ಹೊರತೆಗೆಯುವ) ಡೈನಲ್ಲಿ ನಿಧಾನವಾಗಿ ತಳ್ಳಿ ತೆಗೆಯಿರಿ.

ಆಳ ಸರಿಯಿದ್ದೂ ಕುಳಿ ಮಾತ್ರ ತೆಳ್ಳಗಿದ್ದರೆ ಕೋವಿಯ ಕಡೆ ತಿರುಗಿ. ಬೋಲ್ಟ್ ಬಿಚ್ಚಿ ಪಿನ್ ಮತ್ತು ಸ್ಪ್ರಿಂಗ್ ಹೊರತೆಗೆಯಿರಿ. ಒಳಗೆ ಗ್ರೀಸ್ ತುಂಬಿದ್ದರೆ ಸಾಲ್ವೆಂಟ್‌ನಲ್ಲಿ ತೊಳೆದು ಒಣಗಿಸಿ. ಚಳಿಗಾಲದ ಬೆಳಗ್ಗೆ ಹಾರದೆ ಮಧ್ಯಾಹ್ನದ ಹೊತ್ತಿಗೆ ಹಾರುವ ಕೋವಿಯ ರೋಗ ಹೆಚ್ಚಾಗಿ ಇದೇ. ಸ್ಪ್ರಿಂಗ್ ಹಳೆಯದಾದರೆ ಬದಲಿಸಿ. ಪಿನ್ ಬೋಲ್ಟ್ ಮುಖದಿಂದ ಎಷ್ಟು ಹೊರಬರುತ್ತದೆ ಎಂದು ಅಳೆದು ತಯಾರಕರ ಅಳತೆಗೆ ಹೋಲಿಸಿ. ಬೋಲ್ಟ್ ಕೋವಿಗಳಲ್ಲಿ ಸಾಧಾರಣವಾಗಿ 0.055 ಇಂಚಿನ ಆಸುಪಾಸು.

ಇದೆಲ್ಲ ಸರಿಯಿದ್ದರೆ ಉಳಿದದ್ದು ಹಾರಿದ ಕೇಸನ್ನು ಮತ್ತೆ ಅಳತೆಗೆ ತರುವ ಸೈಜಿಂಗ್ ಡೈ. ಭುಜವನ್ನು ಅತಿಯಾಗಿ ಹಿಂದಕ್ಕೆ ತಳ್ಳಿದ ಕೇಸ್ ಚೇಂಬರಿನಲ್ಲಿ (ನಳಿಗೆಯಲ್ಲಿ ತೋಟೆ ಕೂರುವ ಗೂಡಿನಲ್ಲಿ) ಮುಂದಕ್ಕೆ ಜಾರುತ್ತದೆ, ಪಿನ್ನಿನ ಪೆಟ್ಟು ಅದನ್ನು ಅಟ್ಟುವುದರಲ್ಲೇ ಮುಗಿಯುತ್ತದೆ. ಬೋಲ್ಟ್ ಕೋವಿಗೆ ಭುಜ 0.002 ಇಂಚಿನಷ್ಟು ಸರಿದರೆ ಸಾಕು, ಎಆರ್‌ಗೆ 0.003–0.004. ಡೈಯನ್ನು ಶೆಲ್ ಹೋಲ್ಡರ್‌ಗೆ ತಾಗುವವರೆಗೆ ಇಳಿಸಿ ಮೇಲೆ ಕಾಲು ಸುತ್ತು ತಿರುಗಿಸಿ ಎನ್ನುವ ಡೈ ಪೆಟ್ಟಿಗೆಯ ಸೂಚನೆ ಎಲ್ಲ ಚೇಂಬರ್‌ಗೂ ಹೊಂದುವುದಿಲ್ಲ. ಭುಜ ಅಳೆಯುವ ಕಂಪ್ಯಾರೇಟರ್ ಹಾಕಿ ಅಳೆದು ಡೈ ಕೂರಿಸಿ.

ಕುಳಿ ಆಳವಾಗಿದೆ, ನಡುವಿಗೇ ಬಿದ್ದಿದೆ, ಎರಡು ಪೆಟ್ಟಿಗೂ ಹಾರಲಿಲ್ಲ. ಈಗ ಗುಂಡು ಕಿತ್ತು ಮದ್ದನ್ನು ಬಿಳಿ ಹಾಳೆಯ ಮೇಲೆ ಸುರಿಯಿರಿ. ಕಾಳುಗಳು ಅಂಟಿಕೊಂಡು ಗಂಟಾಗಿ, ಹಳದಿಗೋ ಕಪ್ಪಿಗೋ ತಿರುಗಿದ್ದರೆ ಪ್ರೈಮರ್ ಸಿಡಿದಿದೆ, ಮದ್ದಿಗೆ ಬೆಂಕಿ ಹತ್ತಿಲ್ಲ. ಫ್ಲ್ಯಾಶ್ ಹೋಲ್‌ನಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ನೋಡಿ: ಕೇಸ್ ಉಜ್ಜಲು ಬಳಸುವ ಮೆಕ್ಕೆಜೋಳದ ದಿಂಡಿನ ಪುಡಿಯ ಕಾಳು, ವಾಲ್ನಟ್ ಸಿಪ್ಪೆ, ನೀರಿನಲ್ಲಿ ತೊಳೆಯುವ ಯಂತ್ರದ ಸ್ಟೀಲ್ ಕಡ್ಡಿಗಳು. ಒಂದು ಕಡ್ಡಿ ತಾನೇ ಬೀಳುತ್ತದೆ, ಎರಡು ಜೊತೆಯಾಗಿ ಹೊಕ್ಕರೆ ಬೆಣೆಯಾಗಿ ನಿಲ್ಲುತ್ತವೆ. ಮದ್ದು ಶುಭ್ರವಾಗಿ ಸುರಿದರೆ ಪ್ರೈಮರ್ ಸಿಡಿದೇ ಇಲ್ಲ. ಅದನ್ನು ಮೆಲ್ಲಗೆ ತಳ್ಳಿ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಆನ್ವಿಲ್ ಇಲ್ಲವೇ ಇಲ್ಲ, ಮಿಶ್ರಣ ಇಲ್ಲ, ಆನ್ವಿಲ್ ತಲೆಕೆಳಗಾಗಿ ಕೂತಿದೆ, ಇವು ಮೂರು ಕಾರ್ಖಾನೆಯ ತಪ್ಪುಗಳು. ಬಿಲ್ಲೆ ಪುಡಿಯಾಗಿದ್ದರೆ ಅದು ಕೂರಿಸಿದವರ ಕೈ. ಹಸಿರು ಕಲೆ, ತೇವ ಕಂಡರೆ ತೊಳೆದ ಕೇಸ್ ಒಣಗಿರಲಿಲ್ಲ. ಹೊರಗೆ ಒಣಗಿದಂತೆ ಕಂಡರೂ ಪಾಕೆಟ್ ಮೂಲೆಯಲ್ಲಿ ನೀರು ನಿಲ್ಲುತ್ತದೆ. ಡೀಕ್ಯಾಪ್ ಮಾಡಿಯೇ ತೊಳೆದು, ಒಂದು ದಿನ ಬಿಸಿಲಿಗೆ ಹರಡಿದರೆ ಈ ತಾಪತ್ರಯ ಇಲ್ಲ.

ಎಣ್ಣೆಯ ಬಗ್ಗೆ ಒಂದು ಮಾತು. ಸೈಜಿಂಗ್ ಎಣ್ಣೆ ಬೆರಳಿಗೆ ಅಂಟಿದ್ದಕ್ಕೇ ಪ್ರೈಮರ್ ಸತ್ತಿತು ಎನ್ನುವುದು ಸುಲಭದ ನೆಪ. ಒಳಕ್ಕೆ ಇಳಿಯುವ ಸ್ಪ್ರೇ ಎಣ್ಣೆಗಳು ಕೆಡಿಸಬಲ್ಲವು, ಆದರೆ ಎಣ್ಣೆಯಲ್ಲಿ ಮುಳುಗಿಸಿಟ್ಟ ಪ್ರೈಮರ್‌ಗಳೂ ಆಮೇಲೆ ಸಿಡಿದದ್ದುಂಟು. ಆದ್ದರಿಂದ ಬೇಡದ ಪ್ರೈಮರನ್ನು ಎಣ್ಣೆಗೆ ಹಾಕಿ ‘ಸತ್ತಿದೆ’ ಎಂದು ನಂಬಿ ಸುತ್ತಿಗೆ, ಡ್ರಿಲ್ ಹಿಡಿಯಬೇಡಿ.

ತಡವಾಗಿ ಹೊತ್ತುವುದು

ಕ್ಲಿಕ್ ಎಂದ ಮೇಲೆ ಕ್ಷಣಕಾಲ ಬಿಟ್ಟು ಢಂ ಎಂದರೆ ಅದು ಹ್ಯಾಂಗ್‌ಫೈರ್. ಸ್ಮಾಲ್ ಪಾಕೆಟ್ ಕ್ರೀಡ್‌ಮೂರ್ ಕೇಸ್‌ಗಳಲ್ಲಿ, ಚಳಿ ಹೆಚ್ಚಿದ್ದಾಗ, 400ರಂಥ ಸಾಧಾರಣ ಪ್ರೈಮರ್ ಹಾಕಿದವರಿಂದ ಈ ದೂರು ಬರುತ್ತದೆ. ಲಪುವಾ ಕಂಪನಿಯ ಈ ಕೇಸ್‌ಗಳಲ್ಲಿ ಫ್ಲ್ಯಾಶ್ ಹೋಲ್ 1.5 ಮಿ.ಮೀ., ಅಂದರೆ 0.059 ಇಂಚು, ಮಾಮೂಲಿ ಕೇಸ್‌ನದ್ದು 0.080. ನಲವತ್ತು ಗ್ರೇನ್ ತೂಕದ, ನಿಧಾನವಾಗಿ ಉರಿಯುವ ಮದ್ದಿಗೆ ಸಣ್ಣ ಬೆಂಕಿ ಸಣ್ಣ ತೂತಿನಿಂದ ಹೋಗಬೇಕು. 450 ಹಾಕಿದರೆ ಹೆಚ್ಚಿನವರಿಗೆ ಪರಿಹಾರ ಸಿಗುತ್ತದೆ. ಅದೇ ಕೇಸ್‌ನ ಇನ್ನೊಂದು ಕಾಟ: ಮಾಮೂಲಿ ಡೀಕ್ಯಾಪಿಂಗ್ ಪಿನ್ ಆ ತೂತಿಗಿಂತ ದಪ್ಪ. ತುರುಕಿದರೆ ಪಿನ್ ಬಾಗುತ್ತದೆ, ಇಲ್ಲವೇ ತೂತು ಹರಿಯುತ್ತದೆ. ತೆಳು ಪಿನ್ ಮೊದಲು ತಂದಿಟ್ಟುಕೊಳ್ಳಿ.

ತೂತು, ಅಂಚು, ಚಪ್ಪಟೆ

ಹಾರಿದ ಮೇಲಿನ ಗುರುತುಗಳಲ್ಲಿ ತಪ್ಪು ಓದುವುದಕ್ಕೆ ಅವಕಾಶ ಇನ್ನೂ ಹೆಚ್ಚು.

ಪ್ರೈಮರ್ ಚಪ್ಪಟೆಯಾಗಿ ಅಂಚಿನ ದುಂಡು ಮಾಯವಾಗಿದ್ದರೆ ಒತ್ತಡ ಜಾಸ್ತಿ ಎನ್ನುತ್ತಾರೆ. ನಿಜ, ಆದರೆ ಯಾವಾಗಲೂ ಅಲ್ಲ. ಭುಜ ಅತಿಯಾಗಿ ಹಿಂದೆ ಹೋದ ಕೇಸ್‌ನಲ್ಲಿ ಪ್ರೈಮರ್ ಮೊದಲು ಹಿಂದಕ್ಕೆ ಜಿಗಿದು ಉಬ್ಬಿಕೊಳ್ಳುತ್ತದೆ, ಆಮೇಲೆ ಕೇಸ್ ಹಿಗ್ಗಿ ಬಂದು ಉಬ್ಬಿದ ಬಟ್ಟಲನ್ನು ಪಾಕೆಟ್‌ಗೆ ಒತ್ತುತ್ತದೆ. ನೋಡಲು ಥೇಟ್ ಮಿತಿಮೀರಿದ ಲೋಡು, ನಿಜದಲ್ಲಿ ಲೋಡು ಮೆತ್ತಗೇ ಇರಬಹುದು. ಬೋಲ್ಟ್ ಎತ್ತಲು ಬಿಗಿಯೇ? ಕೇಸಿನ ತಳದಲ್ಲಿ ಎಜೆಕ್ಟರ್‌ನ (ಕೇಸನ್ನು ಹೊರಗೆಸೆಯುವ ಭಾಗದ) ಹೊಳೆಯುವ ಗುರುತಿದೆಯೇ? ಪಾಕೆಟ್ ಸಡಿಲಾಗುತ್ತಿದೆಯೇ? ಇವುಗಳಲ್ಲಿ ಯಾವುದೂ ಇಲ್ಲದಿದ್ದರೆ ಮೊದಲು ಭುಜ ಅಳೆಯಿರಿ. ಪ್ರೈಮರ್ ಹಿಂದಕ್ಕೆ ಬಂದು ಹಾಗೇ ನಿಂತಿದ್ದರೆ ಲೋಡು ತೀರಾ ಕಡಿಮೆ, ಅಷ್ಟೇ.

ಕುಳಿಯ ಸುತ್ತ ದಿಬ್ಬ ಎದ್ದಿದ್ದರೆ ಪಿನ್ ಓಡಾಡುವ ರಂಧ್ರ ದೊಡ್ಡದಿರಬಹುದು ಅಥವಾ ಅದರ ಬಾಯಿ ಸವರಿದಂತಿರಬಹುದು. ಕೆಲವು ಕಾರ್ಖಾನೆ ಬೋಲ್ಟ್‌ಗಳಲ್ಲಿ ಹದವಾದ ಲೋಡಿಗೂ ದಿಬ್ಬ ಏಳುತ್ತದೆ. ಕಾರ್ಖಾನೆಯ ತೋಟೆಯಲ್ಲೂ ಅದೇ ದಿಬ್ಬ ಕಂಡರೆ ದೋಷ ಬೋಲ್ಟಿನದು. ಬಂದೂಕು ರಿಪೇರಿಯವರು ಆ ರಂಧ್ರಕ್ಕೆ ಬುಷಿಂಗ್ ಹಾಕಿ ಕಿರಿದು ಮಾಡಿ ಕೊಡುತ್ತಾರೆ.

ತೂತು ಬಿದ್ದರೆ ಅಲ್ಲಿಗೇ ನಿಲ್ಲಿಸಿ. ತೂತಿನಿಂದ ಹೊರಬಂದ ಬಿಸಿ ಅನಿಲ ಪಿನ್ನಿನ ತುದಿಯನ್ನು ಕೊರೆಯುತ್ತದೆ, ಕೊರೆದ ತುದಿ ಮುಂದಿನ ಪ್ರೈಮರನ್ನೂ ತೂತು ಮಾಡುತ್ತದೆ, ಅದು ಒಳ್ಳೆಯದಾದರೂ. ಕತ್ತರಿಸಿದ ಬಟ್ಟಲಿನ ಬಿಲ್ಲೆ ಪಿನ್ ರಂಧ್ರದೊಳಗೆ ಕೂತರೆ ಮುಂದಿನ ತೋಟೆ ಹಾರುವುದಿಲ್ಲ. ಎಆರ್‌ನಲ್ಲಿ ಆ ಬಿಲ್ಲೆ ಟ್ರಿಗರ್ ಕೆಳಗೆ ಬಿದ್ದು ಟ್ರಿಗರನ್ನೇ ಹಿಡಿಯುತ್ತದೆ. ಬೋಲ್ಟ್ ಬಿಚ್ಚಿ ಬಿಲ್ಲೆ ಹುಡುಕಿ. ಪಿನ್ ತುದಿ ಉರುಟಾಗಿ ನಯವಾಗಿರಬೇಕು, ಬೆರಳಿನ ಉಗುರಿಗೆ ತರಿ ತಗಲಿದರೆ ಬದಲಿಸಿ. 400 ತೂತು ಬಿದ್ದ ಲೋಡಿಗೆ 450 ಹಾಕಿದಾಗ ತೂತು ನಿಂತಿತು ಎಂದು ಖುಷಿಪಡುವ ಮುಂಚೆ ಒಂದು ವಿಚಾರ: ದಪ್ಪ ಬಟ್ಟಲು ಒತ್ತಡ ಇಳಿಸಲಿಲ್ಲ, ಮ್ಯಾಗ್ನಮ್ ಮಿಶ್ರಣದಿಂದ ಅದು ಚೂರು ಏರಿರಲೂಬಹುದು. ಮೊದಲು ಬರುತ್ತಿದ್ದ ಎಚ್ಚರಿಕೆ ಮಾತ್ರ ಈಗ ಬರುತ್ತಿಲ್ಲ. 450, 41, ಬಿಆರ್-4 ಮೂರರ ದೊಡ್ಡ ಗುಣವೂ, ಅವುಗಳ ಬಗ್ಗೆ ಹೇಳಬೇಕಾದ ದೊಡ್ಡ ದೂರೂ ಇದೇ. ಗಟ್ಟಿ ಪ್ರೈಮರಿನ ಮುಖ ನೋಡಿ ಒತ್ತಡ ಅಂದಾಜು ಮಾಡುವ ಅಭ್ಯಾಸ ಬಿಡಬೇಕು.

ಪ್ರೈಮರ್ ಸುತ್ತ ಕಪ್ಪು ಉಂಗುರ ಕಂಡರೆ ಅನಿಲ ಪಾಕೆಟ್ ಪಕ್ಕದಿಂದ ಸೋರಿದೆ. ಕೂರಿಸುವಾಗ ಬೆಣ್ಣೆಗೆ ಇಳಿದ ಹಾಗೆ ಸಲೀಸಾಗಿ ಹೋಗಿದ್ದರೆ ಕೇಸ್ ಮುಗಿದಿದೆ. ಪಾಕೆಟ್ ಅಗಲ ನೋಡುವ ಗೋ–ನೋ-ಗೋ ಗೇಜ್‌ನ ನೋ-ಗೋ ತುದಿ (ಒಳಹೋಗಬಾರದ ತುದಿ) ಒಳಹೋದರೆ ಎರಡು ಮಾತಿಲ್ಲ, ಪ್ಲೈಯರ್‌ನಲ್ಲಿ ಕಂಠ ಜಜ್ಜಿ ಗುಜರಿಗೆ ಹಾಕಿ. ಪಾಕೆಟ್ ಬಿಗಿಯಿದ್ದೂ ಬಟ್ಟಲಿನ ಅಂಚಿನ ತಿರುವಿನಲ್ಲೇ ಸೂಜಿಮೊನೆಯಷ್ಟು ತೂತು, ಬೇರೆ ಬೇರೆ ಕೋವಿಯಲ್ಲಿ, ಒಂದೇ ಲಾಟಿನ ಪ್ರೈಮರ್‌ನಲ್ಲಿ, ಹದವಾದ ಲೋಡಿನಲ್ಲಿ ಕಂಡರೆ ಆಗ ಬಟ್ಟಲಿನ ಲೋಹದ ಮೇಲೆ ಬೆರಳು ತೋರಿಸಬಹುದು. ಅಂಥ ಸೋರಿಕೆ ಬೋಲ್ಟ್ ಮುಖದ ಮೇಲೆ ಪ್ರೈಮರ್ ಗಾತ್ರದ ಉಂಗುರ ಕೊರೆದುಬಿಡುತ್ತದೆ, ಅದು ಒರೆಸಿದರೆ ಹೋಗುವುದಲ್ಲ. ಉಳಿದ ಪೆಟ್ಟಿಗೆ ಬಳಸಬೇಡಿ.

ಕೊಳ್ಳುವುದು, ಇಡುವುದು, ದೂರು ಕೊಡುವುದು

ನೂರರ ಟ್ರೇ, ಸಾವಿರದ ಪೆಟ್ಟಿಗೆ, ಐದು ಸಾವಿರದ ಡಬ್ಬ. 2020ಕ್ಕಿಂತ ಮುಂಚೆ ಸಾವಿರಕ್ಕೆ 30–40 ಡಾಲರ್ ಇದ್ದದ್ದು ಕೊರತೆಯ ಕಾಲದಲ್ಲಿ ನೂರು ದಾಟಿತ್ತು. ಈಗ ಇಳಿದಿದ್ದರೂ ಹಳೆಯ ದರಕ್ಕೆ ಮರಳಿಲ್ಲ. ಅಂಚೆಯ ಬದಲು ಖಾಸಗಿ ಸಾಗಣೆಯಲ್ಲಿ, ಅಪಾಯಕಾರಿ ವಸ್ತುವಿನ ಶುಲ್ಕ ಸೇರಿಸಿ ಬರುವುದರಿಂದ ಒಂದು ಸಾವಿರವನ್ನು ತರಿಸುವುದು ದುಬಾರಿ. ಅಕ್ಕಪಕ್ಕದ ಇಬ್ಬರು ಮೂವರು ಸೇರಿ ಒಂದೇ ಲಾಟಿನ ಡಬ್ಬ ತರಿಸುವುದು ಮೇಲು. ಲಾಟ್ ಬದಲಾದರೆ ಸ್ಪರ್ಧೆಯ ಲೋಡನ್ನು ಮತ್ತೆ ಪರೀಕ್ಷಿಸಬೇಕು, ಒಂದೇ ಲಾಟ್ ಇದ್ದರೆ ಆ ಕೆಲಸ ಉಳಿಯುತ್ತದೆ.

ಮೂಲ ಟ್ರೇಯಲ್ಲೇ, ತಣ್ಣಗಿನ ಒಣ ಜಾಗದಲ್ಲಿ ಇಡಿ. ಗಾಜಿನ ಬಾಟಲಿಗೆ ಸುರಿದಿಟ್ಟ ಪ್ರೈಮರ್ ಬಾಂಬಿಗೆ ಸಮ. ಒಂದು ಸಿಡಿದರೆ ಎಲ್ಲ ಸಿಡಿಯುತ್ತವೆ. ಟ್ರೇಯಲ್ಲಿ ಒಂದೊಂದಕ್ಕೂ ಬೇರೆ ಗೂಡು ಇರುವುದು ಅದಕ್ಕೇ. ಅಮೆರಿಕದ ಅಗ್ನಿಸುರಕ್ಷಾ ಸಂಸ್ಥೆಯ ಎನ್‌ಎಫ್‌ಪಿಎ 495 ನಿಯಮಾವಳಿ ಮನೆಯಲ್ಲಿ 10,000 ಪ್ರೈಮರ್‌ವರೆಗೆ ಒಪ್ಪುತ್ತದೆ, ಊರಿನ ನಿಯಮ ಇದಕ್ಕಿಂತ ಬಿಗಿಯಾಗಿರಬಹುದು. 400, 450, 41 ಮೂರನ್ನೂ ಇಟ್ಟುಕೊಂಡವರು ಬೆಂಚ್ ಮೇಲೆ ಒಂದು ಸಲಕ್ಕೆ ಒಂದೇ ಪೆಟ್ಟಿಗೆ ತೆರೆಯಿರಿ. ಟ್ರೇಯಿಂದ ಹೊರಬಿದ್ದ ಮೇಲೆ ಇದು ಯಾವುದೆಂದು ಹೇಳುವ ಗುರುತು ಪ್ರೈಮರ್ ಮೇಲೆ ಇರುವುದಿಲ್ಲ. ನೆಲದ ಮೇಲೆ ಸಿಕ್ಕ ಒಂಟಿ ಪ್ರೈಮರನ್ನು ಕೇಸಿಗೆ ಹಾಕಬೇಡಿ.

ಕಾರ್ಖಾನೆಯ ತಪ್ಪು ಎಂದು ಖಚಿತವಾದರೆ ಲಾಟ್ ಸಂಖ್ಯೆ ಬೇಕು. ಪೆಟ್ಟಿಗೆ ಬಿಸಾಡಿದವರ ದೂರು ಅಲ್ಲೇ ಮುಗಿಯಿತು. ತುಂಬಿದ ತೋಟೆಯ ಡಬ್ಬಿಯ ಮೇಲೆ ಪ್ರೈಮರ್ ಸಂಖ್ಯೆ, ಲಾಟ್, ಕೇಸ್ ಎಷ್ಟನೇ ಸಲದ್ದು, ಕೂರಿಸಿದ ಆಳ ಇಷ್ಟನ್ನು ಬರೆದಿಡಿ. ಕೆಟ್ಟ ಪ್ರೈಮರ್‌ನ ಫೋಟೊ, ಆನ್ವಿಲ್ ಕಡೆಯಿಂದ ಒಂದು, ಕುಳಿಯ ಕಡೆಯಿಂದ ಒಂದು ತೆಗೆದು ಕಂಪನಿಗೆ ಬರೆಯಿರಿ. ಅವರು ಮಾದರಿ ಕೇಳಿದರೂ ನೀವಾಗಿ ಲಕೋಟೆಗೆ ಹಾಕಿ ಅಂಚೆಗೆ ಕೊಡುವಂತಿಲ್ಲ, ಹಾರದ ಪ್ರೈಮರ್ ಕಾನೂನಿನ ಕಣ್ಣಿಗೆ ಇನ್ನೂ ಸಿಡಿಯುವ ವಸ್ತುವೇ. ಸಾಗಣೆಯ ವ್ಯವಸ್ಥೆಯನ್ನು ಅವರಿಂದಲೇ ಮಾಡಿಸಿ, ಅಲ್ಲಿಯವರೆಗೆ ಉಳಿದ ಟ್ರೇಗಳನ್ನು ಬೇರೆಯಾಗಿ, ‘ಬಳಸಬಾರದು’ ಎಂದು ಬರೆದು ಎತ್ತಿಡಿ.